15 ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬಹುದು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಅಮ್ಮನಿಗೆ 76 ವರ್ಷ. ಬಿ.ಪಿ., ಶುಗರ್, ಥೈರಾಯ್ಡ್ ಇದೆ. 4 ವರ್ಷದ ಹಿಂದೆ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಹೃದಯಕ್ಕೆ ಅಲ್ಲಿನ ಡಾಕ್ಟರ್, ಶುಗರ್‌ಗೆ ಹಾಸನದವರು, ಮಂಡಿ ನೋವಿಗೆ ಚಿಕ್ಕಮಗಳೂರಿನವರು, ಉಳಿದದ್ದಕ್ಕೆಲ್ಲ ಊರಿನ ಡಾಕ್ಟರ್. ಈಗ 15 ಬಗೆಯ ಮಾತ್ರೆ ನುಂಗುತ್ತಾರೆ. ಒಂದು ವರ್ಷದಿಂದ ತಲೆಸುತ್ತು. ಹೋದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ಕೈ ನಡುಕ ಬಂದಿದೆ, ಪಾರ್ಕಿನ್ಸನ್ ಇರಬಹುದು ಅಂತ ಹೊಸ ಮಾತ್ರೆ ಶುರುವಾಗಿದೆ. ಈಚೆಗೆ ಮರೆವೂ ಜಾಸ್ತಿ. ಮೂರು ತಿಂಗಳ ಸರಾಸರಿ ಶುಗರ್ 6.1, ಕ್ರಿಯಾಟಿನಿನ್ 1.2. ಇಷ್ಟು ಮಾತ್ರೆ ತಿಂದರೆ ಕಿಡ್ನಿ ಹಾಳಾಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಯಾವುದನ್ನು ನಿಲ್ಲಿಸಬಹುದು? ಎಲ್ಲ ಸ್ಟ್ರಿಪ್‌ಗಳ ಮತ್ತು ಚೀಟಿಗಳ ಫೋಟೊ ಕಳಿಸಿದ್ದೇನೆ.

ಉತ್ತರ:

ಮಾತ್ರೆಗಳ ಲೆಕ್ಕಕ್ಕೆ ಹೋಗುವ ಮೊದಲು, ಕಾಯಬಾರದ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಅಮ್ಮ ರಕ್ತ ತೆಳುವಾಗಿಸುವ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ: ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. ಹೋದ ತಿಂಗಳು ಬಿದ್ದಿದ್ದಾರೆ. ಈಚೆಗೆ ಮರೆವು ಹೆಚ್ಚಾಗಿದೆ ಅಂತೀರಿ. ಈ ವಯಸ್ಸಿನಲ್ಲಿ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಮೆದುಳಿನ ಹೊರಪದರದಲ್ಲಿ ನಿಧಾನವಾಗಿ ರಕ್ತ ಕಟ್ಟಿಕೊಳ್ಳಬಹುದು. ಅದು ಕಾಣಿಸಿಕೊಳ್ಳುವುದು ಎರಡು ಮೂರು ವಾರ ಕಳೆದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ. ಮಂಕು, ತಲೆನೋವು, ಅತಿ ನಿದ್ದೆ, ಒಂದು ಕಡೆ ಕಾಲೆಳೆಯುವುದು ಇದರ ಗುರುತು. ಆದ್ದರಿಂದ ಈ ವಾರವೇ ಅವರನ್ನು ಡಾಕ್ಟರಿಗೆ ತೋರಿಸಿ, ತಲೆಯ ಸಿ.ಟಿ. ಸ್ಕ್ಯಾನ್ ಬೇಕೇ ಅಂತ ನೇರವಾಗಿ ಕೇಳಿ. ಮಂಪರು ಅಥವಾ ವಾಂತಿ ಇದ್ದರೆ ಇವತ್ತೇ ಹೊರಡಿ. ಅದು ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ಈಗ ಮಾತ್ರೆಗಳ ವಿಷಯ. ನೀವು ಫೋಟೊಗಳನ್ನು ಡಾಕ್ಟರ್ ಪ್ರಕಾರ ಜೋಡಿಸಿ ಕಳಿಸಿದ್ದೀರಿ. ಹೃದಯದ್ದು ಒಂದು ಕಡೆ, ಶುಗರ್‌ದು ಒಂದು ಕಡೆ, ಮಂಡಿಯದು ಇನ್ನೊಂದು ಕಡೆ. ಹಾಗೆ ನೋಡಿದರೆ ಪ್ರತಿ ಚೀಟಿಯೂ ಸರಿಯಾಗೇ ಕಾಣುತ್ತದೆ. ನಾನು ಅವನ್ನೇ ತಾರೀಖಿನ ಪ್ರಕಾರ ಜೋಡಿಸಿಕೊಂಡೆ. ಯಾವುದು ಮೊದಲು ಬಂತು, ಅದಾದ ಎಷ್ಟು ದಿನಕ್ಕೆ ಯಾವ ತೊಂದರೆ ಬಂತು, ಆ ತೊಂದರೆಗೆ ಅಂತ ಯಾವ ಮಾತ್ರೆ ಸೇರಿತು ಅಂತ. ಆಗ ಕಥೆಯೇ ಬೇರೆ ಆಯಿತು.

ಸ್ಟೆಂಟ್ ಹಾಕುವ ಮೊದಲೇ ಹಾಸನದ ಡಾಕ್ಟರ್ ಬಿ.ಪಿ.ಗೆ ಟೆಲ್ಮಾ ಎಎಂ ಬರೆದಿದ್ದರು. ಅದರೊಳಗೆ ಎರಡು ಔಷಧಿ ಇವೆ: ಟೆಲ್ಮಿಸಾರ್ಟನ್ ಮತ್ತು ಆಮ್ಲೊಡಿಪಿನ್. ಎಎಂ ಅಂದರೆ ಆಮ್ಲೊಡಿಪಿನ್ ಸೇರಿದ್ದು. ಬೆಂಗಳೂರಿನಿಂದ ಡಿಸ್ಚಾರ್ಜ್ ಆಗುವಾಗ ಕೊಟ್ಟ ಪಟ್ಟಿಯಲ್ಲಿ ಆಮ್ಲಾಂಗ್ 5 ಬಂತು. ಅದೂ ಆಮ್ಲೊಡಿಪಿನ್ನೇ. ಹೆಸರು ಬೇರೆ, ಸ್ಟ್ರಿಪ್ಪಿನ ಬಣ್ಣ ಬೇರೆ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಅವತ್ತಿನಿಂದ ಅವರು ದಿನಕ್ಕೆ 5 ಮಿಲಿಗ್ರಾಂ ಬದಲು 10 ಮಿಲಿಗ್ರಾಂ ನುಂಗುತ್ತಿದ್ದಾರೆ.

ಆಮ್ಲೊಡಿಪಿನ್ ಒಳ್ಳೆಯ ಔಷಧಿ. ಆದರೆ ಕಾಲು ಊದುವುದು ಅದರ ಬಹಳ ಸಾಮಾನ್ಯ ಅಡ್ಡ ಪರಿಣಾಮ. ಡೋಸ್ ಹೆಚ್ಚಿದಷ್ಟೂ ಊತ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನಿಮ್ಮ ಪಟ್ಟಿಯಲ್ಲಿ ಮುಂದಿನ ಚೀಟಿ ನೋಡಿ: "ಎರಡೂ ಕಾಲು ಊತ", ಪಕ್ಕದಲ್ಲಿ ಟಾರ್ಸೆಮೈಡ್ 10. ಇದು ಮೂತ್ರ ಹೆಚ್ಚಿಸಿ ನೀರು ಹೊರಹಾಕುವ ಮಾತ್ರೆ. ಆಮ್ಲೊಡಿಪಿನ್ ತರುವ ಊತಕ್ಕೆ ಅದು ಅಷ್ಟೇನೂ ಕೆಲಸ ಮಾಡುವುದಿಲ್ಲ. ಆ ಊತ ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಜಿನುಗಿ ಬಂದದ್ದು. ಟಾರ್ಸೆಮೈಡ್ ಮಾಡುವುದು ಏನೆಂದರೆ, ಪದೇ ಪದೇ ಮೂತ್ರಕ್ಕೆ ಎಬ್ಬಿಸುತ್ತದೆ, ಸೋಡಿಯಂ ಪೊಟಾಷಿಯಂ ಇಳಿಸುತ್ತದೆ, ಎದ್ದು ನಿಂತಾಗ ಬಿ.ಪಿ. ಕುಸಿಯುವಂತೆ ಮಾಡುತ್ತದೆ.

ಅದಾದ ಕೆಲವು ತಿಂಗಳಿಗೆ ತಲೆಸುತ್ತು. ತಲೆಸುತ್ತಿಗೆ ಅಂತ ಸಿನ್ನಾರಿಜಿನ್. ನಮ್ಮಲ್ಲಿ ಸ್ಟುಗೆರಾನ್ ಅಂದರೆ ಎಲ್ಲರಿಗೂ ಗೊತ್ತು, ಘಾಟಿ ಬಸ್ಸಿನಲ್ಲಿ ವಾಂತಿ ಆಗದಿರಲಿ ಅಂತ ಒಂದು ನುಂಗುತ್ತಾರಲ್ಲ, ಅದೇ. ಒಂದು ದಿನದ ಪ್ರಯಾಣಕ್ಕೆ ಪರವಾಗಿಲ್ಲ. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಅದು ಮೆದುಳಿನಲ್ಲಿ ಡೋಪಮಿನ್, ಅಂದರೆ ಕೈಕಾಲಿನ ಚಲನೆಯನ್ನು ಹಿಡಿತದಲ್ಲಿಡುವ ರಾಸಾಯನಿಕದ, ಕೆಲಸಕ್ಕೆ ಅಡ್ಡ ಬರುತ್ತದೆ. ಕೈ ನಡುಕ, ನಡಿಗೆ ನಿಧಾನ, ಮುಖದಲ್ಲಿ ಭಾವನೆ ಕಡಿಮೆ. ನೋಡಲು ಥೇಟ್ ಪಾರ್ಕಿನ್ಸನ್ ಕಾಯಿಲೆಯೇ.

ಜೊತೆಗೆ ನಿಮ್ಮ ಅಮ್ಮನ "ಗ್ಯಾಸ್ ಮಾತ್ರೆ"ಯ ಹಿಂಬದಿ ಓದಿ. ಪ್ಯಾಂಟೊಪ್ರಜೋಲ್ ಮಾತ್ರ ಅಲ್ಲ, ಲೆವೊಸಲ್ಪಿರೈಡ್ ಕೂಡ ಇದೆ. ಅದೂ ಡೋಪಮಿನ್ ತಡೆಯುವ ಔಷಧಿ. ಅಂದರೆ ನಡುಕಕ್ಕೆ ಕಾರಣ ಆಗಬಲ್ಲ ಎರಡು ಔಷಧಿ ಒಟ್ಟಿಗೆ ಹೋಗುತ್ತಿವೆ. ಈ ಎರಡನೆಯದು ಗ್ಯಾಸ್ ಮಾತ್ರೆಯ ಒಳಗೆ ಅಡಗಿ ಕೂತಿದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಡುಕ ಅಂತ ಬಂದ ವಯಸ್ಸಾದವರ ಗ್ಯಾಸ್ ಮಾತ್ರೆಯನ್ನು ತಿರುಗಿಸಿ ಓದುವುದು ನನಗೆ ಈಗ ಅಭ್ಯಾಸವೇ ಆಗಿಬಿಟ್ಟಿದೆ.

ಕೊನೆಗೆ ಆ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಬಂತು. ಇದು ವಯಸ್ಸಾದವರಲ್ಲಿ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಮೂತ್ರ ಕಟ್ಟಿಸುತ್ತದೆ, ಮುಖ್ಯವಾಗಿ ನೆನಪನ್ನು ಮಸುಕು ಮಾಡುತ್ತದೆ. ಮರೆವು ಜಾಸ್ತಿಯಾದದ್ದು "ಈಚೆಗೆ" ಅಂತ ನೀವೇ ಬರೆದಿದ್ದೀರಿ. ಈ ಮಾತ್ರೆ ಶುರುವಾದದ್ದೂ ಈಚೆಗೇ. ಇದನ್ನು ಗಮನಿಸದಿದ್ದರೆ ಮುಂದಿನ ಚೀಟಿಯಲ್ಲಿ ಮರೆವಿನ ಮಾತ್ರೆ ಬರುತ್ತದೆ.

ಒಂದು ಡಬಲ್ ಮಾತ್ರೆಯಿಂದ ಶುರುವಾಗಿ ನಾಲ್ಕು ಹೊಸ ತೊಂದರೆ, ಮೂರು ಹೊಸ ಮಾತ್ರೆ. ಇಲ್ಲಿ ಯಾವ ಡಾಕ್ಟರನ್ನೂ ದೂರುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಎದುರಿಗೆ ಬಂದ ತೊಂದರೆಗೆ ಔಷಧಿ ಕೊಟ್ಟಿದ್ದಾರೆ. ನಾಲ್ಕು ಜನ ಯಜಮಾನರು ಇದ್ದು, ಲೆಕ್ಕ ಬರೆಯುವ ರೈಟರ್ ಇಲ್ಲದ ತೋಟದ ಹಾಗೆ ಆಗಿದೆ. ಹಲವು ಮಾತ್ರೆ ನುಂಗುವ ವಯಸ್ಸಾದವರಲ್ಲಿ ಹೊಸದಾಗಿ ಏನೇ ತೊಂದರೆ ಬರಲಿ, ತಲೆಸುತ್ತು, ನಡುಕ, ಮರೆವು, ಬೀಳುವುದು, ಹಸಿವಿಲ್ಲದಿರುವುದು, ಅದನ್ನು ಹೊಸ ಕಾಯಿಲೆ ಅಂತ ನಂಬುವ ಮೊದಲು ಮಾತ್ರೆಯ ಮೇಲೆ ಅನುಮಾನ ಪಡಬೇಕು. ಇದು ನನ್ನೊಬ್ಬನ ಹುಚ್ಚಲ್ಲ. ವಯಸ್ಸಾದವರಿಗೆ ಸಾಧ್ಯವಾದರೆ ಕೊಡಬಾರದ ಔಷಧಿಗಳ ಪಟ್ಟಿಯನ್ನು ಅಮೆರಿಕದಲ್ಲಿ ಮಾರ್ಕ್ ಬೀಯರ್ಸ್ ಅನ್ನುವ ವೈದ್ಯರು 1991ರಲ್ಲೇ ಮಾಡಿದರು. ಅದು ಇವತ್ತಿಗೂ ಪರಿಷ್ಕರಣೆ ಆಗುತ್ತಿದೆ, 2023ರಲ್ಲೂ ಆಯಿತು. ಐರ್ಲೆಂಡಿನವರು 2008ರಲ್ಲಿ ಇನ್ನೊಂದು ಪಟ್ಟಿ ತಂದರು. ಅದರಲ್ಲಿ ನಿಲ್ಲಿಸಬೇಕಾದವು ಮಾತ್ರ ಅಲ್ಲ, ಶುರು ಮಾಡಬೇಕಾದವೂ ಇವೆ. ಆ ಭಾಗಕ್ಕೆ ಆಮೇಲೆ ಬರುತ್ತೇನೆ.

ಟಾರ್ಸೆಮೈಡ್ ಬಗ್ಗೆ ಒಂದು ಎಚ್ಚರಿಕೆ. ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಈ ಮಾತ್ರೆ ನಿಜಕ್ಕೂ ಬೇಕು. ನಿಮ್ಮ ಅಮ್ಮನಿಗೆ ಅದು ಬರೀ ಕಾಲು ಊತಕ್ಕೆ ಬಂದದ್ದು ಅಂತ ಚೀಟಿ ನೋಡಿದರೆ ಅನಿಸುತ್ತದೆ, ಆದರೆ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ನೀವು ಕಳಿಸಿಲ್ಲ. ಅದನ್ನು ನೋಡದೆ ನಿಲ್ಲಿಸಬಾರದು.

ಇನ್ನು ಸಕ್ಕರೆ. ಸರಾಸರಿ 6.1 ಅಂತ ಬಂದಾಗ ಮನೆಯವರೆಲ್ಲ ಖುಷಿಪಡುತ್ತಾರೆ. ನನಗೆ ಅಷ್ಟು ಖುಷಿ ಆಗಲಿಲ್ಲ. ಶುಗರ್ ಇಳಿಸುವ ಗ್ಲಿಮೆಪಿರೈಡ್ ನುಂಗುವ, ಹೃದಯದ ತೊಂದರೆ ಇರುವ, ಬೀಳುವ 76 ವರ್ಷದವರಿಗೆ 6.1 ತುಂಬ ಕಡಿಮೆ. ಇಂಥವರಿಗೆ ಸಾಮಾನ್ಯವಾಗಿ 8ರ ಒಳಗೆ ಇದ್ದರೆ ಸಾಕು ಅಂತ ಗುರಿ ಇಟ್ಟುಕೊಳ್ಳುತ್ತೇವೆ. 40 ವರ್ಷದವರಿಗೆ ಸಕ್ಕರೆ ಬಿಗಿಯಾಗಿ ಹಿಡಿದರೆ ಮುಂದಿನ 20-30 ವರ್ಷಕ್ಕೆ ಲಾಭ. 76ರಲ್ಲಿ ಆ ಲಾಭ ಬರಲು ತಡ, ಸಕ್ಕರೆ ಇಳಿದು ಬೀಳುವ ಅಪಾಯ ಮಾತ್ರ ಇವತ್ತೇ. ಗ್ಲಿಮೆಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತದೆ. ರಾತ್ರಿ ಅರ್ಧ ಮುದ್ದೆ ತಿಂದು "ಹಸಿವಿಲ್ಲ" ಅಂತ ಎದ್ದುಹೋದ ದಿನ ಬೆಳಗಿನ ಜಾವ ಸಕ್ಕರೆ ಕುಸಿಯಬಹುದು. ಇದರ ಮೇಲೆ ಹೃದಯದ ಮಾತ್ರೆ ಮೆಟೊಪ್ರೊಲಾಲ್ ಬೇರೆ ಇದೆ. ಅದು ಸಕ್ಕರೆ ಇಳಿದಾಗ ಬರುವ ಎದೆಬಡಿತ, ನಡುಕದಂಥ ಗುರುತುಗಳನ್ನು ಮುಚ್ಚಿಹಾಕುತ್ತದೆ. ಬೆವರು ಮಾತ್ರ ಮುಚ್ಚುವುದಿಲ್ಲ. ಆದ್ದರಿಂದ ಅಕಾರಣವಾಗಿ ಬೆವೆತರೆ ತಕ್ಷಣ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ನೀರು ಕುಡಿಸಿ. ಗ್ಲಿಮೆಪಿರೈಡ್ ಇಳಿಸುವ ಅಥವಾ ಬಿಡಿಸುವ ಮಾತನ್ನು ಹಾಸನದ ಡಾಕ್ಟರ್ ಬಳಿ ನೀವೇ ಎತ್ತಿ. ನಂಬರ್ ಚೆನ್ನಾಗಿದೆ ಅಂತ ಅದು ಹಾಗೇ ಮುಂದುವರಿಯುವ ಸಾಧ್ಯತೆ ಇದೆ.

ಕಿಡ್ನಿ ಬಗ್ಗೆ ನೆಂಟರು ಹೇಳಿದ್ದು ಅರ್ಧ ಸರಿ. ಮಾತ್ರೆಗಳ ಸಂಖ್ಯೆಯಿಂದ ಕಿಡ್ನಿ ಹಾಳಾಗುವುದಿಲ್ಲ. ಶುಗರ್ ಇರುವವರಲ್ಲಿ ಟೆಲ್ಮಿಸಾರ್ಟನ್ ಕಿಡ್ನಿಯನ್ನು ಕಾಪಾಡಲೂ ನೆರವಾಗುತ್ತದೆ. ಹಾಳು ಮಾಡುವುದು ಆ ಮಂಡಿ ನೋವಿನ ಅಸೆಕ್ಲೊಫೆನಾಕ್. ಟೆಲ್ಮಿಸಾರ್ಟನ್, ಟಾರ್ಸೆಮೈಡ್, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಹೋದರೆ ಕಿಡ್ನಿಗೆ ರಕ್ತದ ಒತ್ತಡವೇ ಸಾಲದೆ ಹೋಗುತ್ತದೆ. ಕ್ರಿಯಾಟಿನಿನ್ 1.2 ಅಂದರೆ ಲ್ಯಾಬ್ ರಿಪೋರ್ಟಿನಲ್ಲಿ ಹೆಚ್ಚು ಕಡಿಮೆ ನಾರ್ಮಲ್ ಅಂತಲೇ ಕಾಣುತ್ತದೆ. ಆದರೆ 76 ವರ್ಷದ ಹೆಂಗಸಿಗೆ 1.2 ಅಂದರೆ ಕಿಡ್ನಿ ಸೋಸುವ ವೇಗ ಸುಮಾರು 47. ಆರೋಗ್ಯವಂತ ಯುವಕರಲ್ಲಿ ಅದು 100ರ ಆಸುಪಾಸು ಇರುತ್ತದೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಕ್ರಿಯಾಟಿನಿನ್ ತಯಾರಾಗುವುದೇ ಕಡಿಮೆ. ಹಾಗಾಗಿ ಸಣಕಲು ಅಜ್ಜಿಯರಲ್ಲಿ ಈ ನಂಬರ್ ನಮ್ಮನ್ನು ಮೋಸ ಮಾಡುತ್ತದೆ. ಲ್ಯಾಬಿನಲ್ಲಿ ಇ-ಜಿಎಫ್ಆರ್ (ಅದೇ ಸೋಸುವ ವೇಗ) ಬರೆದುಕೊಡಿ ಅಂತ ಕೇಳಿ. ಅದು 45ಕ್ಕಿಂತ ಇಳಿದರೆ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಡೋಸ್ ಮತ್ತೆ ಲೆಕ್ಕ ಹಾಕಬೇಕು, 30ಕ್ಕಿಂತ ಇಳಿದರೆ ನಿಲ್ಲಿಸಬೇಕು.

ಮಂಡಿ ನೋವಿನ ಮಾತ್ರೆಯನ್ನು ನಿಮ್ಮ ಅಮ್ಮ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಅಂತ ನನಗೆ ಗೊತ್ತು. 15ರಲ್ಲಿ ನುಂಗಿದ ಅರ್ಧ ಗಂಟೆಗೆ "ಕೆಲಸ ಮಾಡಿತು" ಅಂತ ಅನಿಸುವುದು ಅದೊಂದೇ. ಆದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ದಾರಿ. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಆಸ್ಪತ್ರೆಗೆ ಓಡಬೇಕು. ಬರೀ ಪ್ಯಾರಾಸೆಟಮಾಲ್, ದಿನಕ್ಕೆ 3 ಗ್ರಾಂ ಒಳಗೆ, ಹೊತ್ತಿಗೆ ಸರಿಯಾಗಿ ಕೊಡಬಹುದು. ಮಂಡಿಗೆ ಹಚ್ಚುವ ಜೆಲ್, ತೊಡೆಯ ವ್ಯಾಯಾಮ, ಕೈಗೊಂದು ಕೋಲು ಇರಲಿ. ಕೋಲು ಅಂದರೆ ಮುಖ ಸಿಂಡರಿಸುತ್ತಾರೆ, ಹೇಳಿ ನೋಡಿ.

ಸಂಧಿವಾತಕ್ಕೆ ಅಂತ ಲೇಬಲ್ ಇಲ್ಲದ ಪುಡಿ ಯಾರಾದರೂ ತಂದುಕೊಟ್ಟರೆ ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಕೆಮ್ಮಿಗೆ ಅತಿಮಧುರದ ಕಷಾಯ ಒಂದೆರಡು ದಿನಕ್ಕೆ ಸರಿ, ದಿನಾ ಕುಡಿದರೆ ಬಿ.ಪಿ. ಏರಿಸಿ ಪೊಟಾಷಿಯಂ ಇಳಿಸುತ್ತದೆ. ಕಷಾಯ, ಹಾಗಲಕಾಯಿ ರಸ, ಚೂರ್ಣ, ಇವೆಲ್ಲ ಡಾಕ್ಟರಿಗೆ ತೋರಿಸುವ ಪಟ್ಟಿಯಲ್ಲಿ ಇರಬೇಕು.

ಈಗ ನಿಲ್ಲಿಸಬಾರದವು. ಜನ ಮೊದಲು ನಿಲ್ಲಿಸುವುದು ಸಾಮಾನ್ಯವಾಗಿ ತಪ್ಪು ಮಾತ್ರೆಯನ್ನೇ. ಮೆಟೊಪ್ರೊಲಾಲ್ ಒಮ್ಮೆಲೇ ಬಿಟ್ಟರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಸ್ಟೆಂಟ್ ಇರುವವರಿಗೆ ಬೇಕು. ಥೈರಾಕ್ಸಿನ್ ಬೇಕು. ನಿದ್ದೆಗೆ ಕೊಡುವ ಕ್ಲೊನಾಜೆಪಾಮ್ ನನಗೆ ಇಷ್ಟವಿಲ್ಲದ ಮಾತ್ರೆ. ಬೀಳುವುದಕ್ಕೂ ಮರೆವಿಗೂ ಅದರ ಪಾಲಿದೆ, ಇವತ್ತು ನುಂಗಿದ್ದು ನಾಳೆ ರಾತ್ರಿಯೂ ಮೈಯಲ್ಲಿ ಇರುತ್ತದೆ. ಆದರೂ ಅದನ್ನು ಥಟ್ಟನೆ ಬಿಡಬಾರದು. ನಿದ್ದೆ ಪೂರ್ತಿ ಹೋಗಿ ಚಡಪಡಿಕೆ ಶುರುವಾಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಕೆಲವು ತಿಂಗಳು ತೆಗೆದುಕೊಳ್ಳಬೇಕು.

ರಕ್ತ ತೆಳುವಾಗಿಸುವ ಎರಡೂ ಮಾತ್ರೆ ಇನ್ನೂ ಬೇಕೇ? ಸ್ಟೆಂಟ್ ಹಾಕಿದ ಮೇಲೆ ಎರಡೂ ಒಟ್ಟಿಗೆ ಸಾಮಾನ್ಯವಾಗಿ 6ರಿಂದ 12 ತಿಂಗಳು, ಆಮೇಲೆ ಒಂದೇ ಒಂದು ಜೀವನಪೂರ್ತಿ. 4 ವರ್ಷ ಆಗಿದೆ. ಬಹುಶಃ ಆ ಚೀಟಿಯನ್ನು ಯಾರೂ ತಿರುಗಿ ನೋಡಿಲ್ಲ. ಆದರೆ ಯಾವ ಸ್ಟೆಂಟ್, ಎಲ್ಲಿ, ಎಷ್ಟು ಅನ್ನುವುದು ಹೃದಯದ ಡಾಕ್ಟರಿಗೆ ಮಾತ್ರ ಗೊತ್ತು. ಬೆಂಗಳೂರಿಗೆ ಹೋಗಲೇಬೇಕಿಲ್ಲ. ಡಿಸ್ಚಾರ್ಜ್ ಹಾಳೆ ಕಳಿಸಿ ಫೋನಿನಲ್ಲೇ ಕೇಳಬಹುದು. ನೀವೇ ನಿರ್ಧಾರ ಮಾಡಬೇಡಿ.

ಗ್ಯಾಸ್ ಮಾತ್ರೆ ದಂಡ ಅಂತ ಎಲ್ಲರೂ ಹೇಳುತ್ತಾರೆ. ಬಹಳ ಜನರ ವಿಷಯದಲ್ಲಿ ಅದು ನಿಜವೂ ಹೌದು. ನಿಮ್ಮ ಅಮ್ಮನ ವಿಷಯದಲ್ಲಿ ಪ್ಯಾಂಟೊಪ್ರಜೋಲ್ ಈಗ ಹೊಟ್ಟೆಯನ್ನು ರಕ್ತಸ್ರಾವದಿಂದ ಕಾಯುತ್ತಿದೆ. ಅದು ಇರಲಿ, ಜೊತೆಗಿರುವ ಲೆವೊಸಲ್ಪಿರೈಡ್ ಹೋಗಲಿ. ಅಂದರೆ ಬರೀ ಪ್ಯಾಂಟೊಪ್ರಜೋಲ್ ಇರುವ ಮಾತ್ರೆಗೆ ಬದಲಿಸಿ ಕೊಡಿ ಅಂತ ಕೇಳಿ.

ನಿಲ್ಲಿಸುವ ಕ್ರಮ ಹೀಗಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಕೊನೆಯ ಮಾತು ಅವರನ್ನು ಕಣ್ಣಾರೆ ನೋಡುವ ಡಾಕ್ಟರದು. ಎರಡು ಸಲ ಹೋಗುತ್ತಿರುವ ಆಮ್ಲೊಡಿಪಿನ್ ವಿಷಯ ಇವತ್ತೇ ಫೋನ್ ಮಾಡಿ ಹೇಳಿ. ಸಿನ್ನಾರಿಜಿನ್, ಲೆವೊಸಲ್ಪಿರೈಡ್, ನೋವಿನ ಮಾತ್ರೆ ಮೊದಲ ಸುತ್ತಿನಲ್ಲಿ ಹೋಗಬೇಕಾದವು. ಆಮ್ಲೊಡಿಪಿನ್ ಇಳಿದು ಊತ ಕಡಿಮೆಯಾದ ಮೇಲೆ ಟಾರ್ಸೆಮೈಡ್. ಟ್ರೈಹೆಕ್ಸಿಫೆನಿಡಿಲ್ ಅದರ ನಂತರ, ನಿಧಾನವಾಗಿ. ಕ್ಲೊನಾಜೆಪಾಮ್ ಎಲ್ಲಕ್ಕಿಂತ ಕೊನೆಗೆ. ಒಂದೇ ದಿನ ಐದಾರು ಬಿಡಿಸಿದರೆ, ಏನಾದರೂ ಹೆಚ್ಚು ಕಡಿಮೆ ಆದಾಗ ಯಾವುದರಿಂದ ಆಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ನಡುಕ ಮಾರನೇ ದಿನವೇ ಹೋಗುವುದಿಲ್ಲ. ವಾರಗಳಿಂದ ಕೆಲವು ತಿಂಗಳವರೆಗೆ ಹಿಡಿಯುತ್ತದೆ. ಆರು ತಿಂಗಳಾದರೂ ಉಳಿದರೆ ನರರೋಗ ತಜ್ಞರಿಗೆ ತೋರಿಸಿ. ಕೆಲವರಲ್ಲಿ ಪಾರ್ಕಿನ್ಸನ್ ಒಳಗೇ ಇದ್ದು, ಮಾತ್ರೆ ಅದನ್ನು ಹೊರಗೆ ತಂದಿರುತ್ತದೆ.

ಈ ನಡುವೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ. ಎಬ್ಬಿಸಿ ನಿಲ್ಲಿಸಿ, ಪಕ್ಕದಲ್ಲೇ ಇದ್ದು, 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿನ ಕಾರಣ ಹೆಚ್ಚುಕಡಿಮೆ ಸಿಕ್ಕಿತು ಅಂತಲೇ. ಕ್ಲಿನಿಕ್ಕಿನಲ್ಲಿ ಕೂರಿಸಿ ನೋಡಿದ 118/70 ಇದನ್ನು ಹೇಳುವುದಿಲ್ಲ.

ಬೇಕಾದದ್ದು ಬಿಟ್ಟುಹೋಗಿರುವುದೂ ಉಂಟು. ಬಿದ್ದ ಹೆಂಗಸಿಗೆ ಮೂಳೆ ಸವೆತದ ಪರೀಕ್ಷೆ ಆಗಿಲ್ಲ. ಮೆಟ್‌ಫಾರ್ಮಿನ್ ಮತ್ತು ಪ್ಯಾಂಟೊಪ್ರಜೋಲ್ ಎರಡೂ ವರ್ಷಗಟ್ಟಲೆ ಹೋದರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬಿ12 ಕೊರತೆಯೂ ಮರೆವು, ಕಾಲು ಜೋಮು, ತೂರಾಟ ತರುತ್ತದೆ. ಸೋಡಿಯಂ, ಪೊಟಾಷಿಯಂ ಜೊತೆ ಅದನ್ನೂ ಬರೆಸಿ.

ಇನ್ನು ನಮ್ಮ ಕಡೆಯ ಕಾಫಿ. ಬೆಳಿಗ್ಗೆ ಎದ್ದ ತಕ್ಷಣ ಥೈರಾಕ್ಸಿನ್, ಅದರ ಹಿಂದೆಯೇ ಬಿಸಿ ಕಾಫಿ, ತಿಂಡಿ ಜೊತೆ ಕ್ಯಾಲ್ಷಿಯಂ ಅಂತ ಫೋಟೊಗಳ ಜೊತೆ ಬರೆದಿದ್ದೀರಿ. ಕಾಫಿ ಥೈರಾಕ್ಸಿನ್ ಹೀರುವಿಕೆಯನ್ನು ಕಡಿಮೆ ಮಾಡುತ್ತದೆ. ಕ್ಯಾಲ್ಷಿಯಂ ಇನ್ನೂ ಕೆಟ್ಟದ್ದು. ಮಾತ್ರೆಯನ್ನು ನೀರಿನಲ್ಲಿ ನುಂಗಿ ಮುಕ್ಕಾಲು ಗಂಟೆಯಾದರೂ ಕಾಯಲಿ, ಕ್ಯಾಲ್ಷಿಯಂ ಮಧ್ಯಾಹ್ನದ ಊಟಕ್ಕೆ ಹೋಗಲಿ. ಎರಡರ ನಡುವೆ 4 ಗಂಟೆ ಬೇಕು. ಹಿತ್ತಲಲ್ಲಿ ಚಕ್ಕೋತದ ಮರ ಇದ್ದರೆ ಹಣ್ಣು ಮಿತಿಯಲ್ಲಿರಲಿ, ಅದು ಅಟೊರ್ವಾಸ್ಟಾಟಿನ್ ಮಟ್ಟವನ್ನು ಏರಿಸಬಹುದು. ಮಳೆಗಾಲದಲ್ಲಿ ವಾಂತಿ ಭೇದಿ ಹಿಡಿದು ನೀರೂ ಇಳಿಯದಿದ್ದರೆ ಟೆಲ್ಮಿಸಾರ್ಟನ್, ಟಾರ್ಸೆಮೈಡ್, ಮೆಟ್‌ಫಾರ್ಮಿನ್ ಆ ಒಂದೆರಡು ದಿನ ತಡೆಯಬೇಕಾಗುತ್ತದೆ. ಯಾವುದನ್ನು, ಎಷ್ಟು ದಿನ ಅಂತ ಈಗಲೇ ಕೇಳಿ ಬರೆಸಿಟ್ಟುಕೊಳ್ಳಿ. ಚಾರ್ಮಾಡಿ ಕಡೆ ಮಳೆ ಹೊಡೆಯುವಾಗ ನಿಮ್ಮೂರಲ್ಲಿ ಫೋನ್ ಸಿಗ್ನಲ್ ಇರುತ್ತದೆ ಅಂತ ನಂಬಿ ಕೂರುವಂತಿಲ್ಲ ಅಲ್ವಾ.

ಯಾರ ಹತ್ತಿರ ಹೋಗಬೇಕು? ಹೆಸರಾಂತ ತಜ್ಞರೇ ಆಗಬೇಕಿಲ್ಲ. ನಾಲ್ವರಲ್ಲಿ ಒಬ್ಬರನ್ನು ಮುಖ್ಯ ಡಾಕ್ಟರ್ ಅಂತ ಮಾಡಿಕೊಳ್ಳಿ. ನಿಮಗೆ ಹತ್ತಿರವಿರುವ, ಫೋನ್ ಎತ್ತುವ, ಪೂರ್ತಿ ಪಟ್ಟಿ ಓದುವ ಸಹನೆ ಇರುವ ಫಿಸಿಷಿಯನ್ ಸಾಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೂ ಹೋಗಬಹುದು. ಹೋಗುವಾಗ ಚೀಟಿ ಮಾತ್ರ ಒಯ್ಯಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಚೀಲಕ್ಕೆ ಹಾಕಿ. ದೇವರ ಮನೆ ಗೂಡಿನಲ್ಲಿ, ದಿಂಬಿನ ಕೆಳಗೆ, ಹಳೇ ಬಿಸ್ಕತ್ ಡಬ್ಬಿಯಲ್ಲಿ ಇರುವವೂ ಬರಲಿ. "ನೆಗಡಿಗೆ ಸುಮ್ನೆ ಒಂದು" ಅಂತ ಮೆಡಿಕಲ್ಸ್‌ನಿಂದ ತಂದದ್ದೂ ಬರಲಿ. ಹಳೆಯ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಕೂಡ ಮರೆವು ಹೆಚ್ಚಿಸುವ ಗುಂಪಿಗೇ ಸೇರಿದ್ದು. ಒಂದು ಹಾಳೆಯಲ್ಲಿ ಪ್ರತಿ ಮಾತ್ರೆಯ ಎದುರು ಮೂರು ವಿಷಯ ಬರೆಯಿರಿ: ಒಳಗಿರುವ ಔಷಧಿಯ ಹೆಸರು, ಯಾವ ತಿಂಗಳು ಶುರುವಾಯಿತು, ಯಾಕೆ ಕೊಟ್ಟರು. ನಾನು ಎಣಿಸಿದ ಪ್ರಕಾರ ನಿಮ್ಮ 15 ಸ್ಟ್ರಿಪ್‌ಗಳ ಒಳಗೆ 19 ಔಷಧಿ ಇವೆ. "ಯಾಕೆ" ಅನ್ನುವ ಜಾಗ ಖಾಲಿ ಉಳಿದ ಮಾತ್ರೆಯಿಂದಲೇ ಡಾಕ್ಟರ್ ಜೊತೆ ಮಾತು ಶುರು ಮಾಡಿ.

ಜನೌಷಧಿ ಕೇಂದ್ರದಿಂದ ತರುವುದು ಒಳ್ಳೆಯದೇ. ಖರ್ಚು ಕಡಿಮೆ, ಸ್ಟ್ರಿಪ್ ಮೇಲೆ ಔಷಧಿಯ ಹೆಸರೇ ದೊಡ್ಡದಾಗಿ ಇರುವುದರಿಂದ ಒಂದೇ ಔಷಧಿ ಎರಡು ಸಲ ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಅದನ್ನು ತಂದ ದಿನ ಹಳೆ ಬ್ರಾಂಡಿನದ್ದನ್ನು ಡಬ್ಬಿಯಿಂದ ತೆಗೆಯಬೇಕು, ಇಲ್ಲದಿದ್ದರೆ ಎರಡೂ ಹೊಟ್ಟೆಗೆ ಹೋಗುತ್ತವೆ.

ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ ತಿಂಗಳು ತಿಂಗಳು ಆನ್‌ಲೈನ್‌ನಲ್ಲಿ ಮಾತ್ರೆ ಕಳಿಸುತ್ತಾರೆ ಅಂತಲೂ ಫೋಟೊಗಳ ಜೊತೆ ಬರೆದಿದ್ದೀರಿ. ಡಾಕ್ಟರ್ ಪಟ್ಟಿ ಬದಲಿಸಿದ ದಿನವೇ ಅವರಿಗೆ ಹೊಸ ಪಟ್ಟಿಯ ಫೋಟೊ ಕಳಿಸಿ, ಹಳೇ ಆರ್ಡರ್ ರದ್ದು ಮಾಡಿಸಿ.